ಘಟ್ಟದ ಮೇಲಿನವರು ಕಡಲ ಪ್ರಾಣಿ ನೋಡಲು ಹೊರಟರೆ: ಕುಟುಂಬಕ್ಕೊಂದು ಮಾರ್ಗದರ್ಶಿ

ರಜೆ ಹತ್ತಿರ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಮಕ್ಕಳ ಒಂದು ಬೇಡಿಕೆ ಈಗೀಗ ಜಾಸ್ತಿ ಕೇಳಿಬರುತ್ತಿದೆ. ತ್ಯಾವರೆಕೊಪ್ಪದ ಸಿಂಹ ನೋಡಿ ಆಯಿತು, ಸಕ್ರೆಬೈಲಿನ ಆನೆ ನೋಡಿ ಆಯಿತು. ಮೊಬೈಲಿನಲ್ಲಿ ಡಾಲ್ಫಿನ್ ನೆಗೆಯುವುದನ್ನು ನೋಡಿದ ಮಗುವಿಗೆ ಈಗ ಅದನ್ನೇ ಎದುರಿಗೆ ನೋಡಬೇಕು. ಕೈಯಲ್ಲಿ ಸ್ವಲ್ಪ ದುಡ್ಡಿರುವವರು ಸಿಂಗಾಪುರ, ದುಬೈ ಪ್ಯಾಕೇಜ್ ವಿಚಾರಿಸುತ್ತಾರೆ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಅಲ್ಲಿಗೆ ಹೋದಾಗ ದೊಡ್ಡ ಸಮುದ್ರ ಪ್ರಾಣಿ ಪಾರ್ಕಿಗೆ ಹೋಗುವುದು ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ಹೋಗಿ, ಖಂಡಿತ ಹೋಗಿ. ಆದರೆ ಪ್ರಾಣಿಯನ್ನು ಕುಣಿಸುವ ಜಾಗ ಬಿಟ್ಟು, ಪ್ರಾಣಿ ತನ್ನ ಪಾಡಿಗೆ ತಾನಿರುವ ಜಾಗ ಆರಿಸಿಕೊಳ್ಳಿ. ಅಂಥ ಜಾಗಗಳಲ್ಲಿ ಮೊದಲನೆಯದು ನಮಗೆ ಘಟ್ಟ ಇಳಿದರೆ ಸಿಗುವ ಸಮುದ್ರವೇ. ಹಾಗಾಗಿ ಹತ್ತಿರದಿಂದ ಶುರುಮಾಡಿ ದೂರಕ್ಕೆ ಹೋಗೋಣ.

1. ಮೊದಲು ಮಗುವಿನ ವಯಸ್ಸು ನೋಡಿ

ಎರಡು ಮೂರು ವರ್ಷದ ಮಗುವಿಗೆ ಸಮುದ್ರದ ಮೀನು, ಹೊಳೆಯ ಮೀನು ಎಂಬ ಭೇದವಿಲ್ಲ. ಅವರಿಗೆ ಶೃಂಗೇರಿಯ ತುಂಗೆಯಲ್ಲಿ ಮೆಟ್ಟಿಲ ಪಕ್ಕಕ್ಕೇ ಬರುವ ದೊಡ್ಡ ಮೀನುಗಳು ಸಾಕು. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮವೂ ಆದೀತು. ಅಲ್ಲಿ ಮೀನು ಹಿಡಿಯುವಂತಿಲ್ಲ, ಹೊಳೆಗೆ ಬೇಲಿಯೂ ಇಲ್ಲ. ಮೀನು ಬೇಕಾದರೆ ಬರುತ್ತದೆ, ಬೇಡವಾದರೆ ಹೋಗುತ್ತದೆ. ಮಗು ಅರ್ಧ ಗಂಟೆ ಕಣ್ಣು ಕೀಳದೆ ನೋಡಿದರೆ ಮುಂದಿನ ಪ್ರವಾಸಕ್ಕೆ ಅದು ತಯಾರಾಗಿದೆ ಎಂದು ತಿಳಿಯಬಹುದು. ನೀರಿನ ಹತ್ತಿರ ಕೈ ಬಿಡಬೇಡಿ, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತವೆ.

ದೊಡ್ಡ ಅಕ್ವೇರಿಯಂಗಳ ಗಾಜಿನ ಸುರಂಗ ಒಳಗೆ ಕತ್ತಲಾಗಿರುತ್ತದೆ. ತಲೆಯ ಮೇಲೆ ತೊರಕೆ ಮೀನು, ಶಾರ್ಕ್ ಹಾದುಹೋಗುತ್ತವೆ. ಕೆಲವು ಪುಟ್ಟ ಮಕ್ಕಳು ಅಲ್ಲಿ ಹೆದರಿ ಅಳುತ್ತಾರೆ. ನಾಲ್ಕೈದು ವರ್ಷ ದಾಟಿದ ಮೇಲೆ ಹೋದರೆ ಕೊಟ್ಟ ದುಡ್ಡಿಗೂ ಅರ್ಥ, ಮಗುವಿಗೂ ಖುಷಿ.

2. ನಮ್ಮ ದೇಶದಲ್ಲಿ ಡಾಲ್ಫಿನ್ ಶೋ ಯಾಕಿಲ್ಲ ಅಂತ ಮಕ್ಕಳಿಗೆ ಹೇಳಿ

"ಇಂಡಿಯಾದಲ್ಲಿ ಎಲ್ಲಿದೆ ಡಾಲ್ಫಿನ್ ಶೋ?" ಎಂದು ಹುಡುಕುತ್ತಾ ಕೂತರೆ ಸಿಗುವುದಿಲ್ಲ. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್ ಇಟ್ಟು ಶೋ ನಡೆಸುವ ಡಾಲ್ಫಿನೇರಿಯಂ ಬೇಡ ಎಂದು ತೀರ್ಮಾನಿಸಿತು. ಡಾಲ್ಫಿನ್, ತಿಮಿಂಗಿಲದ ಜಾತಿಯ ಪ್ರಾಣಿಗಳನ್ನು ಪ್ರದರ್ಶನಕ್ಕಾಗಿ ತರಿಸುವುದು, ಹಿಡಿಯುವುದು, ಕೂಡಿಹಾಕುವುದು, ಇದ್ಯಾವುದಕ್ಕೂ ಅನುಮತಿ ಕೊಡಬಾರದು ಎಂದು ಕೇಂದ್ರ ಮೃಗಾಲಯ ಪ್ರಾಧಿಕಾರ ರಾಜ್ಯಗಳಿಗೆ ತಿಳಿಸಿತು. ಆ ಹೊತ್ತಿಗೆ ಕೊಚ್ಚಿಯಂಥ ಕಡೆ ಡಾಲ್ಫಿನ್ ಪಾರ್ಕ್ ಕಟ್ಟುವ ಯೋಜನೆಗಳು ನಡೆದಿದ್ದವು. ಅದಕ್ಕೂ ಹಿಂದೆ, 1990ರ ದಶಕದ ಕೊನೆಯಲ್ಲಿ, ಚೆನ್ನೈ ಹತ್ತಿರದ ಒಂದು ಪಾರ್ಕಿಗೆ ಹೊರದೇಶದಿಂದ ಡಾಲ್ಫಿನ್ ತರಿಸಿದ್ದರು. ಅವು ಕೆಲವೇ ತಿಂಗಳಲ್ಲಿ ಸತ್ತುಹೋದವು.

ಈ ಕಾರಣವನ್ನು ಮಕ್ಕಳಿಗೆ ಅವರ ಮಾತಿನಲ್ಲೇ ಹೇಳಿಬಿಡಿ. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೇ ಗಾಳಿ ಉಸಿರಾಡುತ್ತದೆ, ಮರಿಗೆ ಹಾಲು ಕೊಡುತ್ತದೆ. ಹಿಂಡಿನಲ್ಲಿ ಬದುಕುತ್ತದೆ. ಒಂದು ಬಗೆಯ ಶಬ್ದ ಹೊರಡಿಸಿ, ಅದು ತಾಗಿ ವಾಪಸ್ ಬರುವುದನ್ನು ಕೇಳಿಸಿಕೊಂಡು ದಾರಿ, ಆಹಾರ ಕಂಡುಕೊಳ್ಳುತ್ತದೆ. ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುತ್ತದೆ. ಅಂಥದ್ದನ್ನು ಸಿಮೆಂಟಿನ ತೊಟ್ಟಿಯಲ್ಲಿಟ್ಟು, ಪಂಪಿನ ಸದ್ದು, ಸ್ಪೀಕರಿನ ಹಾಡಿನ ನಡುವೆ ಕುಣಿಸುತ್ತಾರೆ. ಅದರ ಮುಖ ನಗುತ್ತಿರುವ ಹಾಗೆ ಕಾಣುತ್ತದೆ, ಅಲ್ವಾ? ಅದು ದವಡೆಯ ಆಕಾರ ಅಷ್ಟೇ. ಕಾಯಿಲೆ ಬಿದ್ದಾಗಲೂ ಅದು ಹಾಗೇ ಕಾಣುತ್ತದೆ. ಏಳೆಂಟು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

3. ಹೊನ್ನಾವರಕ್ಕೆ ಇಳಿಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಮಲೆನಾಡಿನವರಿಗೆ ಇಷ್ಟು ಸುಲಭವಾದ ದಾರಿ ಇರುವಾಗ ಎಷ್ಟೋ ಮನೆಯವರು ಇದನ್ನು ಯೋಚಿಸುವುದೇ ಇಲ್ಲ.

ನಮ್ಮ ಕರಾವಳಿಯಲ್ಲಿ ಕಾಣುವ ಡಾಲ್ಫಿನ್ ಬೆನ್ನ ಮೇಲೆ ಗೂನಿನಂಥ ಉಬ್ಬಿರುವ ಜಾತಿಯದು. ಬೂದು ಬಣ್ಣ. ಆಳ ಸಮುದ್ರಕ್ಕೆ ಹೋಗದೆ ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲೇ ಇರುತ್ತದೆ. ಅದರಲ್ಲೂ ಹೊಳೆ ಸಮುದ್ರ ಸೇರುವ ಅಳಿವೆಗಳ ಹತ್ತಿರ ಮೇಯುವುದು ಅದಕ್ಕೆ ಇಷ್ಟ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಕೂಡುತ್ತವೆ, ಮೀನು ಹೇರಳ. ಕಾರವಾರದ ಕಾಳಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಎಲ್ಲ ಅಂಥ ಅಳಿವೆಗಳೇ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಬಿದ್ದು, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನಮ್ಮ ತೋಟದ ಅಂಚಿನಲ್ಲಿ ಹರಿದ ನೀರು ಡಾಲ್ಫಿನ್ ಮೇಯುವ ಜಾಗಕ್ಕೆ ಹೋಗಿ ಮುಟ್ಟುತ್ತದೆ. ಹೊಳೆಗೆ ಪ್ಲಾಸ್ಟಿಕ್ ಯಾಕೆ ಎಸೆಯಬಾರದು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

*ದಾರಿ.* ಶಿವಮೊಗ್ಗದಿಂದ ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಸುಮಾರು 160 ಕಿ.ಮೀ. ಘಾಟಿ ಇರುವುದರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ರೈಲಿನಲ್ಲಿ ಬರುವವರಿಗೆ ತಾಳಗುಪ್ಪವೇ ಕೊನೆ, ಅಲ್ಲಿಂದ ಬಸ್ಸು ಹಿಡಿಯಬೇಕು. ತೀರ್ಥಹಳ್ಳಿ, ಕೊಪ್ಪ ಕಡೆಯವರು ಆಗುಂಬೆ ಘಾಟಿ ಇಳಿದು ಉಡುಪಿ, ಮಲ್ಪೆಗೆ ಹೋಗುವುದು ಹತ್ತಿರ. ಆಗುಂಬೆಯಲ್ಲಿ 14 ತಿರುವುಗಳಿವೆ. ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮೊದಲು ಹೊಟ್ಟೆ ತುಂಬ ಕೊಡಬೇಡಿ, ಪೂರ್ತಿ ಖಾಲಿಯೂ ಬೇಡ. ಒಂದು ಇಡ್ಲಿ ಅಥವಾ ಸ್ವಲ್ಪ ಮೊಸರವಲಕ್ಕಿ ಸಾಕು. ಶುಂಠಿ ಚೂರು, ನಿಂಬೆಹುಳಿ ಪೆಪ್ಪರ್‌ಮಿಂಟ್ ಕೈಗೆ ಸಿಗುವ ಹಾಗಿರಲಿ. ತಿರುವು ಬರುವಾಗ ಮೊಬೈಲ್ ನೋಡಲು ಬಿಡಬೇಡಿ, ದೂರದ ಗುಡ್ಡ ನೋಡಲಿ.

*ಕಾಲ.* ಅಕ್ಟೋಬರಿನಿಂದ ಮೇ ಮೊದಲ ವಾರದವರೆಗೆ. ನವೆಂಬರಿನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು, ಸಮುದ್ರ ಶಾಂತವಾಗಿರುತ್ತದೆ, ಸೆಕೆಯೂ ಕಮ್ಮಿ. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಪ್ರವಾಸಿ ದೋಣಿಗಳೂ ನಿಂತಿರುತ್ತವೆ. "ಇಲ್ಲ ಸಾರ್, ನಾನು ಕರ್ಕೊಂಡು ಹೋಗ್ತೀನಿ" ಎನ್ನುವವರು ಸಿಕ್ಕರೂ ಹತ್ತಬೇಡಿ.

*ಹೊತ್ತು.* ಬೆಳಿಗ್ಗೆ. ಗಾಳಿ ಏಳುವ ಮೊದಲು ನೀರು ಸಮವಾಗಿರುತ್ತದೆ, ಬೆನ್ನಿನ ಈಜುರೆಕ್ಕೆ ಮೇಲೆ ಬಂದರೆ ದೂರದಿಂದಲೇ ಕಾಣುತ್ತದೆ. ಅದಕ್ಕಾಗಿ ಹಿಂದಿನ ದಿನ ಹೊರಟು, ಜೋಗ ನೋಡಿಕೊಂಡು, ರಾತ್ರಿ ಹೊನ್ನಾವರದಲ್ಲೋ ಮುರುಡೇಶ್ವರದಲ್ಲೋ ಉಳಿಯಿರಿ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಎಂದರೆ ಮಧ್ಯಾಹ್ನದ ಬಿಸಿಲಿಗೆ ಸಮುದ್ರ ಮುಟ್ಟಿ, ಡಾಲ್ಫಿನ್ ಕಾಣದೆ, ಮಕ್ಕಳ ಅಳು ಕೇಳಿಕೊಂಡು ವಾಪಸ್ ಬರಬೇಕಾಗುತ್ತದೆ.

*ದೋಣಿ.* ಎಲ್ಲಕ್ಕಿಂತ ಮುಖ್ಯ ಇದು. ಲೈಫ್ ಜಾಕೆಟ್ ಮಕ್ಕಳ ಅಳತೆಯದೇ ಇರಬೇಕು. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ತೊಡಿಸಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದು, ಬೇರೆ ಕೇಳಿ. ಇಲ್ಲ ಎಂದರೆ ಆ ದೋಣಿ ಬಿಡಿ. ಸುಮ್ನೆ ಸಂಕೋಚ ಮಾಡಿಕೊಂಡು ಹತ್ತುವ ವಿಷಯ ಇದಲ್ಲ.

ಇನ್ನೊಂದು ಮಾತನ್ನು ದೋಣಿ ಹತ್ತುವ ಮೊದಲೇ ಆಡಿ. ದೋಣಿಯವರು ಡಾಲ್ಫಿನ್ ಹಿಂದೆ ಎಂಜಿನ್ ಓಡಿಸಿಕೊಂಡು ಹೋಗುವುದು ಯಾಕೆ? ಕಾಣದಿದ್ದರೆ ಗಿರಾಕಿ ಜಗಳ ಮಾಡುತ್ತಾರೆ, ದುಡ್ಡು ಕಮ್ಮಿ ಕೊಡುತ್ತಾರೆ ಎಂಬ ಭಯಕ್ಕೆ. ಅದನ್ನು ನಾವೇ ತೆಗೆಯಬಹುದು. "ಅಣ್ಣಾ, ಬೆನ್ನಟ್ಟೋದು ಬೇಡ. ದೂರದಲ್ಲೇ ಎಂಜಿನ್ ನಿಧಾನ ಮಾಡಿ. ಕಾಣದಿದ್ರೂ ಪರವಾಗಿಲ್ಲ, ಪೂರ್ತಿ ದುಡ್ಡು ಕೊಡ್ತೀವಿ" ಎಂದು ಹೇಳಿ ನೋಡಿ. ಅವರ ಮುಖವೇ ಬದಲಾಗುತ್ತದೆ. ಸಮುದ್ರದ ಬಗ್ಗೆ ಅವರಿಗೆ ಗೊತ್ತಿರುವುದು ಬಹಳ, ಕೇಳುವವರು ಸಿಕ್ಕರೆ ಹೇಳುತ್ತಾರೆ. ಡಾಲ್ಫಿನ್ ಕಂಡಾಗ ಒಂದು ಐವತ್ತು ಮೀಟರ್ ದೂರ ಇರಲಿ. ಅದರ ದಾರಿಗೆ ಅಡ್ಡ ಹೋಗಬಾರದು, ಮರಿ ಜೊತೆಗಿದ್ದರೆ ಇನ್ನೂ ದೂರ. ತಿನ್ನಲು ಏನೂ ಎಸೆಯಬೇಡಿ. ಕಿರುಚಾಟ ಬೇಡ. ಹದಿನೈದು ಇಪ್ಪತ್ತು ನಿಮಿಷ ನೋಡಿ, ಬೇರೆ ಕಡೆ ತಿರುಗಿ.

ಶೋದಲ್ಲಿ ಕಂಡ ಹಾಗೆ ಇಲ್ಲಿಯ ಡಾಲ್ಫಿನ್ ಎತ್ತರಕ್ಕೆ ನೆಗೆಯುವುದು ಅಪರೂಪ. ಬೆನ್ನು ಮೇಲೆ ಬರುತ್ತದೆ, ಉಸಿರು ಬಿಟ್ಟ ಸದ್ದು ಕೇಳುತ್ತದೆ, ಮತ್ತೆ ಮುಳುಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿರಿ. ಹೇಳದಿದ್ದರೆ "ಇಷ್ಟೇನಾ?" ಎನ್ನುತ್ತಾರೆ. ಹೇಳಿದ್ದರೆ ಮುಂದೆ ಎಲ್ಲಿ ಏಳುತ್ತದೆ ಎಂದು ತಾವೇ ಪಂದ್ಯ ಕಟ್ಟುತ್ತಾರೆ.

ದೋಣಿ ಆದ ಮೇಲೆ ಹೊನ್ನಾವರದ ಹತ್ತಿರವೇ ಇರುವ ಕಾಸರಕೋಡಿನ ಕಡೆ ಹೋಗಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರ ಅಲ್ಲಿದೆ, ಶೌಚಾಲಯ, ಸ್ನಾನಕ್ಕೆ ವ್ಯವಸ್ಥೆ ಇದೆ. ಹೆಣ್ಣುಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದು ದೊಡ್ಡ ಅನುಕೂಲ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಇಳಿತದ ಹೊತ್ತಿಗೆ ಹೋದರೆ ಬೇರುಗಳ ನಡುವೆ ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು ಕಾಣುತ್ತವೆ. ಉಬ್ಬರ ಇಳಿತದ ಹೊತ್ತನ್ನು ಊರಿನವರನ್ನೇ ಕೇಳಿ.

ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಇದೇ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಊರಿನವರ ಜೊತೆ ಸೇರಿ ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಐವತ್ತು ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತವೆ. ಹೊನ್ನಾವರದ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಒಪ್ಪಿದರೆ ಮರಿ ಸಮುದ್ರಕ್ಕೆ ಹೋಗುವುದನ್ನು ನೋಡಬಹುದು. ಟಾರ್ಚ್ ಬೇಡ, ಫ್ಲ್ಯಾಶ್ ಬೇಡ, ಕೈಯಲ್ಲಿ ಎತ್ತಿಕೊಳ್ಳುವುದಂತೂ ಬೇಡವೇ ಬೇಡ. ಬೆಳಕು ಕಂಡರೆ ಮರಿ ಸಮುದ್ರ ಬಿಟ್ಟು ಬೆಳಕಿನ ಕಡೆಗೆ ಹರಿದುಹೋಗುತ್ತದೆ.

4. ಮಕ್ಕಳು ದೊಡ್ಡವರಾಗಿದ್ದರೆ ನೇತ್ರಾಣಿ

ಮುರುಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳ, ಬಣ್ಣದ ಮೀನು ನೋಡಲು ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷ ದಾಟಿದವರಿಗೆ ಮಾತ್ರ ಅವಕಾಶ. ಅಸ್ತಮಾ, ಕಿವಿ ಸೋರುವುದು, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಹೋಗಬಾರದು. ನೆಗಡಿ ಇದ್ದರೂ ಅವತ್ತು ಬಿಟ್ಟುಬಿಡಿ, ಕಿವಿ ನೋವು ತಡೆಯಲಾಗುವುದಿಲ್ಲ.

ಘಟ್ಟದ ಮೇಲಿನವರಿಗೆ ಮಾತ್ರ ಇನ್ನೊಂದು ಎಚ್ಚರಿಕೆ. ನೀರಿನಾಳದಲ್ಲಿ ಸಿಲಿಂಡರ್ ಗಾಳಿ ಉಸಿರಾಡಿದಾಗ ಮೈಯಲ್ಲಿ ಸಾರಜನಕ ಕರಗಿ ಉಳಿಯುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅದಕ್ಕೇ ಡೈವ್ ಮಾಡಿದ ಮೇಲೆ ಹನ್ನೆರಡು ಹದಿನೆಂಟು ಗಂಟೆ ವಿಮಾನ ಹತ್ತಬೇಡಿ ಎನ್ನುತ್ತಾರೆ. ಎತ್ತರದ ಬೆಟ್ಟ ಹತ್ತುವುದಕ್ಕೂ ಇದೇ ಕಾಳಜಿ ಬೇಕು. ಶಿವಮೊಗ್ಗ, ಸಾಗರ ಎಲ್ಲ ಸಮುದ್ರ ಮಟ್ಟದಿಂದ ಐನೂರು ಮೀಟರಿಗಿಂತ ಮೇಲಿವೆ. ಡೈವ್ ಮುಗಿಸಿ ಒದ್ದೆ ಬಟ್ಟೆ ಬದಲಿಸಿ ಅವತ್ತೇ ಘಾಟಿ ಹತ್ತುವ ಬದಲು ಆ ರಾತ್ರಿ ಕೆಳಗೇ ಉಳಿಯಿರಿ. ಬೆಂಗಳೂರಿನಿಂದ ಬಂದವರಿಗೂ ಇದೇ ಮಾತು. ನಿಮ್ಮ ಡೈವಿಂಗ್ ಗುರುವಿಗೆ ವಾಪಸ್ ಹೋಗುವ ದಾರಿ ಯಾವುದು ಎಂದು ಹೇಳಿ, ಎಷ್ಟು ಹೊತ್ತು ಬಿಟ್ಟು ಹೊರಡಬೇಕೆಂದು ಕೇಳಿಕೊಳ್ಳಿ.

5. ಅಕ್ವೇರಿಯಂ ಆರಿಸುವುದು

ಜಾತ್ರೆ, ವಸ್ತುಪ್ರದರ್ಶನದ ಮೈದಾನಗಳಿಗೆ ಬರುವ ತಾತ್ಕಾಲಿಕ ಟನಲ್ ಅಕ್ವೇರಿಯಂಗಳಿಗೆ ನಾನು ಯಾರಿಗೂ ಹೋಗಿ ಎನ್ನುವುದಿಲ್ಲ. ಮೀನನ್ನು ಊರಿಂದೂರಿಗೆ ಲಾರಿಯಲ್ಲಿ ಸಾಗಿಸಿ, ವಾರಗಟ್ಟಲೆ ಜೋರು ಹಾಡು, ಬಣ್ಣದ ದೀಪದ ನಡುವೆ ಇಡುತ್ತಾರೆ. ಹೋಗಲೇಬೇಕಾಗಿ ಬಂದರೆ ನೀರು ತಿಳಿಯಾಗಿದೆಯೇ, ರೆಕ್ಕೆ ಹರಿದ ಮೀನಿವೆಯೇ, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯೇ ಎಂದು ನೋಡಿ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಿಂದ ಇದೆ. ಅಲ್ಲಿ ಜಾಸ್ತಿ ಇರುವುದು ಸಿಹಿನೀರಿನ ಅಲಂಕಾರಿಕ ಮೀನುಗಳು. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ ಹೋಗಿ. ಸಮುದ್ರದ ಮೀನು, ಗಾಜಿನ ಸುರಂಗ ಬೇಕೆಂದರೆ ಚೆನ್ನೈಯ ಈಸ್ಟ್ ಕೋಸ್ಟ್ ರಸ್ತೆಯ ವಿಜಿಪಿ ಮರೀನ್ ಕಿಂಗ್‌ಡಮ್ ಇದೆ, 2019ರಲ್ಲಿ ಶುರುವಾಯಿತು. ಮಕ್ಕಳ ಜೊತೆ ಹೋಗುವವರು ಇದನ್ನು ಮಹಾಬಲಿಪುರದ ಪ್ರವಾಸಕ್ಕೆ ಸೇರಿಸಿಕೊಳ್ಳಬಹುದು.

6. ಹೊರದೇಶಕ್ಕೆ ಹೋಗುವುದಾದರೆ

ಮೊದಲು ಕಾಗದ ಪತ್ರ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ, ದೊಡ್ಡವರ ಹಾಗೆ ಹತ್ತು ವರ್ಷ ಅಲ್ಲ. ಸಿಂಗಾಪುರ, ಯುಎಇಯಂಥ ದೇಶಗಳಿಗೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಮಗುವಿನ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು. ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಆಮೇಲೆ ಟ್ರಾವೆಲ್ಸಿನವರು ಕೊಟ್ಟ ದಿನದಿನದ ಪಟ್ಟಿಯನ್ನು ಒಂದೊಂದು ಸಾಲೂ ಓದಿ. ಡಾಲ್ಫಿನ್ ಶೋ, ಡಾಲ್ಫಿನ್ ಜೊತೆ ಈಜು, ಸೀಲ್ ಮುತ್ತು ಕೊಡುವ ಫೋಟೋ, ಇವು ಕೇಳದೆಯೇ ಸೇರಿರುತ್ತವೆ. "ಇದನ್ನು ತೆಗೆದು ಅಕ್ವೇರಿಯಂಗೆ ಇನ್ನೊಂದು ಅರ್ಧ ದಿನ ಕೊಡಿ" ಎಂದರೆ ಮಾಡಿಕೊಡುತ್ತಾರೆ. ಪ್ಯಾಕೇಜಿನಲ್ಲಿ ಬದಲಾವಣೆ ಇಲ್ಲ ಎಂದರೆ ಆ ಹೊತ್ತಿಗೆ ನೀವು ಹೋಗದೆ ಬೇರೆ ಏನಾದರೂ ನೋಡಬಹುದು.

ಪ್ರದರ್ಶನಕ್ಕೆ ಡಾಲ್ಫಿನ್ ಎಲ್ಲಿಂದ ಬರುತ್ತವೆ ಎಂಬುದನ್ನು ತಿಳಿದರೆ ಈ ಕಟ್ಟುನಿಟ್ಟು ಯಾಕೆಂದು ಗೊತ್ತಾಗುತ್ತದೆ. ಕೆಲವು ಅಲ್ಲೇ ಹುಟ್ಟಿದವು. ಇನ್ನು ಕೆಲವು ಸಮುದ್ರದಿಂದ ಹಿಡಿದು ತಂದವು. ಜಪಾನಿನ ತೈಜಿ ಎಂಬ ಊರಿನಲ್ಲಿ ಡಾಲ್ಫಿನ್ ಹಿಂಡನ್ನು ದೋಣಿಗಳಲ್ಲಿ ಸದ್ದು ಮಾಡುತ್ತಾ ಕೊಲ್ಲಿಗೆ ಅಟ್ಟುತ್ತಾರೆ, ಚೆನ್ನಾಗಿರುವ ಎಳೆಯವನ್ನು ಪಾರ್ಕುಗಳಿಗೆ ಮಾರುತ್ತಾರೆ, ಬಹಳಷ್ಟನ್ನು ಕೊಲ್ಲುತ್ತಾರೆ. ನಮ್ಮ ಟಿಕೆಟಿನ ದುಡ್ಡು ಎಲ್ಲಿಗೆ ಹೋಗಬಹುದು ಎಂದು ಯೋಚಿಸುವುದು ನಮ್ಮ ಜವಾಬ್ದಾರಿ.

*ಸಿಂಗಾಪುರ.* ಸೆಂಟೋಸಾ ದ್ವೀಪದಲ್ಲಿದ್ದ ಹಳೆಯ ಅಕ್ವೇರಿಯಂ ಅನ್ನು ದೊಡ್ಡದು ಮಾಡಿ 2025ರ ಜುಲೈನಲ್ಲಿ ಸಿಂಗಾಪುರ್ ಓಷನೇರಿಯಂ ಎಂಬ ಹೆಸರಿನಲ್ಲಿ ತೆರೆದಿದ್ದಾರೆ. ಮೊದಲಿಗಿಂತ ಮೂರು ಪಟ್ಟು ದೊಡ್ಡದು. ಅರ್ಧ ದಿನ ಅದಕ್ಕೇ ಬೇಕು. ಅದೇ ದ್ವೀಪದಲ್ಲಿ ಡಾಲ್ಫಿನ್ ಜೊತೆ ಆಡಿಸುವ ಬೇರೆ ಟಿಕೆಟೂ ಇದೆ, ಅದು ಬೇಡ. ನದಿ ಪ್ರಾಣಿಗಳಿಗಾಗಿಯೇ ಇರುವ ರಿವರ್ ವಂಡರ್ಸ್ ಹೊಳೆ ದಡದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಹುಲ್ಲು ಸೊಪ್ಪು ತಿನ್ನುವ, ಮ್ಯಾನಟಿ ಎಂಬ ದೊಡ್ಡ ನೀರಿನ ಪ್ರಾಣಿಗಳು ಅಲ್ಲಿವೆ.

*ದುಬೈ, ಅಬುಧಾಬಿ.* ದುಬೈ ಮಾಲಿನ ಒಳಗಿನ ಅಕ್ವೇರಿಯಂ ತೊಟ್ಟಿಯಲ್ಲಿ ಒಂದು ಕೋಟಿ ಲೀಟರ್ ನೀರಿದೆ, ಸುರಂಗ 48 ಮೀಟರ್ ಉದ್ದ. ಟಿಕೆಟ್ ಇಲ್ಲದೆಯೂ ಮಾಲಿನ ಒಳಗಿನಿಂದ ದೊಡ್ಡ ಗಾಜಿನ ಮೂಲಕ ನೋಡಬಹುದು. ಚಿಕ್ಕ ಮಕ್ಕಳಿಗೆ ಅಷ್ಟೇ ಸಾಕಾಗಬಹುದು. ಅಬುಧಾಬಿಯ ಸೀವರ್ಲ್ಡ್ ಎಂಬ ಸಮುದ್ರ ಪ್ರಾಣಿ ಪಾರ್ಕ್ 2023ರ ಮೇ ತಿಂಗಳಲ್ಲಿ ತೆರೆಯಿತು. ಅಲ್ಲಿ ಓರ್ಕಾ (ಡಾಲ್ಫಿನ್ ಕುಟುಂಬದ, ಕಪ್ಪು ಬಿಳುಪಿನ ಭಾರೀ ಪ್ರಾಣಿ) ಇಲ್ಲ, ಆದರೆ ಡಾಲ್ಫಿನ್ ಇವೆ. ಹೋದರೆ ಪೆಂಗ್ವಿನ್, ದೊಡ್ಡ ಮೀನಿನ ತೊಟ್ಟಿಗಳಿಗೆ ಸಮಯ ಕೊಡಿ.

*ಅಮೆರಿಕ.* ಓರ್ಲಾಂಡೊ, ಸ್ಯಾನ್ ಡಿಯೆಗೊ, ಸ್ಯಾನ್ ಆಂಟೋನಿಯೊಗಳ ಸೀವರ್ಲ್ಡ್ ಪಾರ್ಕುಗಳಲ್ಲಿ ಓರ್ಕಾಗಳಿವೆ. 2010ರಲ್ಲಿ ಓರ್ಲಾಂಡೊದಲ್ಲಿ ತಿಲಿಕಮ್ ಎಂಬ ಓರ್ಕಾ ತನ್ನ ತರಬೇತುದಾರೆಯನ್ನು ಕೊಂದ ಮೇಲೆ ಜಗತ್ತಿನಾದ್ಯಂತ ಪ್ರಶ್ನೆ ಎದ್ದಿತು. 2016ರಲ್ಲಿ ಆ ಸಂಸ್ಥೆ ಓರ್ಕಾಗಳ ಮರಿ ಮಾಡಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಈಗ ಇರುವವೇ ಅಲ್ಲಿಯ ಕೊನೆಯ ಓರ್ಕಾಗಳು. ಗಾಯಗೊಂಡ ಸಮುದ್ರ ಪ್ರಾಣಿಗಳನ್ನು ತಂದು ಗುಣಪಡಿಸಿ ಬಿಡುವ ಕೆಲಸವನ್ನೂ ಅವರು ಮಾಡುತ್ತಾರೆ, ಅದನ್ನೂ ಹೇಳಬೇಕು. ಆದರೂ ನಿಮ್ಮ ಮಗ ಸೊಸೆ "ಅಪ್ಪ ಅಮ್ಮ ಬಂದಿದಾರೆ, ಓರ್ಕಾ ಶೋಗೆ ಕರ್ಕೊಂಡು ಹೋಗೋಣ" ಎಂದರೆ ಬೇರೆ ದಾರಿ ಹೇಳಿ. ಸ್ಯಾನ್ ಡಿಯೆಗೊದಲ್ಲಿ ಲಾ ಹೋಯಾ ಎಂಬ ದಡದ ಬಂಡೆಗಳ ಮೇಲೆ ಕಡಲಸಿಂಹಗಳು ತಾವಾಗಿಯೇ ಬಂದು ಮಲಗುತ್ತವೆ. ಮೊಮ್ಮಕ್ಕಳ ಕೈ ಹಿಡಿದು ಮೇಲಿನ ಕಾಲುದಾರಿಯಿಂದ ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಪಿಯರ್ 39ರಲ್ಲೂ ಹಾಗೇ. ಅಲ್ಲಿಂದ ದಕ್ಷಿಣಕ್ಕೆ ಮಾಂಟೆರೆಯಲ್ಲಿ 1984ರಲ್ಲಿ ಶುರುವಾದ ಅಕ್ವೇರಿಯಂ ಇದೆ, ಡಾಲ್ಫಿನ್ ಶೋ ಇಲ್ಲ. ಕಡಲ ನೀರುನಾಯಿಗಳಿವೆ, ಎತ್ತರದ ಕಡಲಕಳೆಯ ಕಾಡೇ ಗಾಜಿನ ಹಿಂದೆ ಇದೆ. ನನ್ನನ್ನು ಕೇಳಿದರೆ ಒಂದೇ ಜಾಗಕ್ಕೆ ಹೋಗುವಷ್ಟು ಸಮಯ ಇರುವವರು ಇಲ್ಲಿಗೇ ಹೋಗಬೇಕು.

7. ಪಾರ್ಕಿನ ಒಳಗೆ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಸಾಧ್ಯವಾದರೆ ವಾರದ ನಡುವೆ. ಶೋ ಇರುವ ಪಾರ್ಕಾದರೆ ಒಂದು ಅನುಕೂಲ ಇದೆ. ಶೋ ಹೊತ್ತಿಗೆ ಜನ ಎಲ್ಲ ಅಲ್ಲಿಗೆ ಹೋಗಿರುತ್ತಾರೆ, ಗಾಜಿನ ಸುರಂಗ ಖಾಲಿ ಇರುತ್ತದೆ. ಆಗ ಮಕ್ಕಳು ಗಾಜಿನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಪ್ರಾಣಿ ನೋಡಿಕೊಳ್ಳುವ ಸಿಬ್ಬಂದಿ ಊಟ ಹಾಕುತ್ತಾ ವಿವರ ಹೇಳುವ ಹೊತ್ತುಗಳನ್ನು ಬಾಗಿಲಲ್ಲೇ ಬರೆದಿರುತ್ತಾರೆ. ಅದನ್ನು ತಪ್ಪಿಸಬೇಡಿ. ಮಕ್ಕಳಿಂದಲೇ ಪ್ರಶ್ನೆ ಕೇಳಿಸಿ: ಇದು ಇಲ್ಲೇ ಹುಟ್ಟಿದ್ದಾ, ಸಮುದ್ರದಿಂದ ತಂದಿದ್ದಾ, ಗಾಯ ಆಗಿ ಬಂದಿದ್ದಾ? ಒಳ್ಳೆಯ ಜಾಗದವರು ನೇರವಾಗಿ ಉತ್ತರ ಹೇಳುತ್ತಾರೆ. ಪ್ರಾಣಿಯನ್ನೂ ಗಮನಿಸಿ. ಒಂದೇ ದಿಕ್ಕಿಗೆ ಒಂದೇ ಸುತ್ತನ್ನು ಬಿಡದೆ ಹಾಕುತ್ತಿದೆಯೇ? ಮೇಲೆ ತೇಲಿಕೊಂಡು ಅಲ್ಲಾಡದೆ ಇದೆಯೇ? ಗೋಡೆಗೆ, ಗೇಟಿಗೆ ಹಲ್ಲು ಉಜ್ಜುತ್ತಿದೆಯೇ? ಇವು ಬೇಸರದ, ಒತ್ತಡದ ಗುರುತುಗಳು. ಸುತ್ತ ಬಂಡೆ, ಮರೆ, ಅಡಗುವ ಜಾಗ ಇದ್ದರೆ ಒಳ್ಳೆಯದು. ಪ್ರಾಣಿ ಅಡಗಿಕೊಂಡು ಕಾಣದೆ ಹೋದರೆ ಮಕ್ಕಳಿಗೆ ಬೇಸರ ಆಗುತ್ತದೆ, ಆದರೆ ಅದು ಆ ಜಾಗ ಚೆನ್ನಾಗಿದೆ ಎಂಬುದರ ಗುರುತು.

ಗಾಜು ತಟ್ಟಬಾರದು, ಫ್ಲ್ಯಾಶ್ ಹಾಕಬಾರದು. ಮುಟ್ಟಿ ನೋಡುವ ತೊಟ್ಟಿ ಇದ್ದರೆ ಮೊದಲು ಕೈಯನ್ನು ಬರಿ ನೀರಿನಲ್ಲಿ ಚೆನ್ನಾಗಿ ತೊಳೆಸಿ. ಸ್ಯಾನಿಟೈಸರ್, ಸನ್‌ಸ್ಕ್ರೀನ್, ಎಣ್ಣೆ ಹಚ್ಚಿದ ಕೈ ಆ ಪ್ರಾಣಿಗಳಿಗೆ ವಿಷ. ಎರಡು ಬೆರಳಲ್ಲಿ ಮೆಲ್ಲಗೆ ಸವರಿದರೆ ಸಾಕು. ನಕ್ಷತ್ರ ಮೀನನ್ನು ಫೋಟೋಕ್ಕೆಂದು ನೀರಿನಿಂದ ಮೇಲೆ ಎತ್ತಬಾರದು, ಅದು ಉಸಿರಾಡುವುದು ನೀರಿನಲ್ಲೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಆಮೇಲೆ ತಿಂಡಿ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಳ್ಳುವುದುಂಟು. ಒಳಗೆ ಹೋಗುವ ಮೊದಲೇ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಮಣಿಕಟ್ಟಿಗೆ ಪಟ್ಟಿ ಕಟ್ಟಿ ನಿಮ್ಮ ಫೋನ್ ನಂಬರ್ ಬರೆಯಿರಿ, ಹೊರದೇಶದಲ್ಲಾದರೆ ಅಲ್ಲಿ ಕೆಲಸ ಮಾಡುವ ನಂಬರ್. ಒಳಗಿನ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಮ್ಮಿ. ಹೊರಗಿನ ತಿಂಡಿ ಬಿಡುತ್ತಾರೆಯೇ ಎಂದು ಹಿಂದಿನ ದಿನವೇ ಅವರ ವೆಬ್‌ಸೈಟಿನಲ್ಲಿ ನೋಡಿ. ಅಜ್ಜ ಅಜ್ಜಿ ಜೊತೆಗಿದ್ದರೆ ಗಾಲಿಕುರ್ಚಿಯನ್ನು ಬಾಗಿಲಲ್ಲೇ ಕೇಳಿ ಪಡೆಯಿರಿ. ನಡೆಯಲು ಗಟ್ಟಿ ಇದ್ದೇವೆ ಎನ್ನುವವರೂ ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತಾರೆ.

8. ಹೊರಬರುವಾಗ ಅಂಗಡಿ

ಪಾರ್ಕಿನಿಂದ ಹೊರಬರುವ ದಾರಿ ಅಂಗಡಿಯ ಒಳಗಿಂದಲೇ ಇರುತ್ತದೆ. ಬಟ್ಟೆಯ ಗೊಂಬೆ, ಪುಸ್ತಕ ಕೊಡಿಸಿ. ಒಣಗಿಸಿದ ಕಡಲಕುದುರೆ, ಹವಳದ ತುಂಡು, ನಕ್ಷತ್ರ ಮೀನಿನ ಕೀಚೈನ್ ಬೇಡ. ಇದು ನಮ್ಮ ಕರಾವಳಿಯ ಅಂಗಡಿಗಳಿಗೂ ಅನ್ವಯಿಸುತ್ತದೆ. ಹವಳ, ಕಡಲಕುದುರೆ, ಕಡಲಾಮೆಯ ಚಿಪ್ಪು, ಕೆಲವು ಜಾತಿಯ ದೊಡ್ಡ ಶಂಖಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮಾರುವುದೂ ಕೊಳ್ಳುವುದೂ ಅಪರಾಧ. ಮಾರುವವರು "ಏನೂ ಆಗಲ್ಲ, ತಗೊಳ್ಳಿ" ಎನ್ನುತ್ತಾರೆ, ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದಾಗ ಅವರು ಜೊತೆಗಿರುವುದಿಲ್ಲ. ಸಮುದ್ರ ದಡದಲ್ಲಿ ಬಿದ್ದ ಖಾಲಿ ಚಿಪ್ಪು ಮಕ್ಕಳಿಗೆ ಸಿಕ್ಕರೆ ಒಳಗೆ ಸನ್ಯಾಸಿ ಏಡಿ ಇದೆಯೇ ಎಂದು ತಿರುಗಿಸಿ ನೋಡಲು ಹೇಳಿ. ಇದ್ದರೆ ಅಲ್ಲೇ ಬಿಡಿಸಿ, ಖಾಲಿ ಇದ್ದರೂ ಒಂದು ಫೋಟೋ ತೆಗೆದು ಅಲ್ಲೇ ಬಿಡಿಸಿ. ನಾಳೆ ಇನ್ನೊಂದು ಏಡಿಗೆ ಅದು ಬೇಕಾಗುತ್ತದೆ.